ಗುಡ್ಡ ಹತ್ತಿದ ಆಂಬುಲೆನ್ಸ್

ಆಂಬುಲೆನ್ಸ್ ಬೋಳುಗುಡ್ಡ ಹತ್ತಿ ನಿಂತಿದ್ದಾಗ, ರೋಗಿ ಗುಡ್ಡದಾಚೆಯ ಹಟ್ಟಿಯಲ್ಲಿ ಪ್ರಾಣ ಬಿಟ್ಟಿದ್ದ. ಅವನ ಮಗಳು, ಹೊಲಿಗೆ ಕೆಲಸದವಳು, ಈಗ ಪತ್ತೇದಾರ ಕೆದಕಪ್ಪನ ಎದುರು ಕೂತಿದ್ದಳು. ಏನನ್ನೂ ಕೆದಕದೆ ಬಿಡದ ಆಸಾಮಿಗೆ ಜನ ಇಟ್ಟ ಹೆಸರು ಅದು. ಅವನ ಷಡ್ಡಕ, ಆಸ್ಪತ್ರೆಯ ಕಾಂಪೌಂಡರ್, ಎಂದಿನಂತೆ ಪಕ್ಕದಲ್ಲಿದ್ದ. ಗಾಡಿ ಕಳಿಸಿದ್ದು ಅವನ ಆಸ್ಪತ್ರೆಯೇ, ಪಾಪ, ತಲೆಯೆತ್ತಲಾಗುತ್ತಿರಲಿಲ್ಲ.

"ಹಟ್ಟಿ ಹೆಸರು ಸರಿಯಾಗೇ ಹೇಳಿದ್ದೆ ಸಾರ್," ಎಂದಳು ಮಗಳು. "ಮೊಬೈಲ್ ನಕ್ಷೇಲಿ ನಮ್ಮೂರನ್ನ ಯಾರೋ ಗುಡ್ಡದ ಮೇಲಿಟ್ಟಿದಾರೆ. ಯಾರು ಅಂತ ನಂಗೆ ಗೊತ್ತಾಗಬೇಕು."

"ಹೊರಗಿನವರಿಗೆ ಆ ಹೆಸರು ಗೊತ್ತೇನಮ್ಮ?"

"ಇರೋದೇ ಏಳೆಂಟು ಮನೆ. ಪೇಟೇಲಿ ಹೇಳಿದ್ರೆ, ಅದ್ಯಾವ ಸೀಮೆ ಊರು ಅಂತ ನಗ್ತಾರೆ."

ಜೊತೆಗೆ ಅವಳ ಸೋದರತ್ತೆಯ ಗಂಡನೂ ಬಂದಿದ್ದ. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ಈ ಹುಡುಗಿಯೇ ಅವನಿಗೆ ಎಲ್ಲ.

ಮರುದಿನ ಕೆದಕಪ್ಪ ಷಡ್ಡಕನನ್ನು ಗುಡ್ಡ ಹತ್ತಿಸಿದ. ಆಂಬುಲೆನ್ಸಿನ ಚಕ್ರದ ಗುರುತು ಬಿಟ್ಟರೆ ಬಾವಿಯಿಲ್ಲ, ಕಾಲುದಾರಿಯಿಲ್ಲ, ಬಿದ್ದ ಗೋಡೆಯ ಒಂದು ಕಲ್ಲೂ ಇಲ್ಲ.

"ಇಲ್ಲಿ ಯಾವ ಕಾಲಕ್ಕೂ ಊರಿರಲಿಲ್ಲ ಕಣಯ್ಯ," ಎಂದ ಕೆದಕಪ್ಪ.

"ಅದನ್ನ ಹೇಳೋಕೆ ನನ್ನ ಮಂಡಿ ಸವೆಸಬೇಕಿತ್ತಾ ಭಾವ?" ಎಂದ ಕಾಂಪೌಂಡರ್ ಏದುಸಿರು ಬಿಡುತ್ತ.

ಸಂಜೆ ಕೆದಕಪ್ಪನ ಮನೆಯಲ್ಲಿ ಎಲ್ಲರೂ ಸೇರಿದರು. ಮೊಬೈಲಿನ ಸಾರ್ವಜನಿಕ ನಕ್ಷೆಗೆ ಬಿಡುವಿನಲ್ಲಿ ಹೆಸರು ಸೇರಿಸುವ ಲೈಬ್ರರಿಯ ಹುಡುಗಿ ಅಳುತ್ತಲೇ ಬಂದಿದ್ದಳು. ಎಲ್ಲರ ಬೆರಳೂ ಅವಳತ್ತಲೇ ಇತ್ತು.

"ಸರ್ವೆ ಕಚೇರಿ ತನ್ನ ನಕ್ಷೆಯ ಊರಹೆಸರುಗಳನ್ನ ಯಾರು ಬೇಕಾದ್ರೂ ಬಳಸಬಹುದು ಅಂತ ಮುಕ್ತ ಪರವಾನಗಿ ಕೊಟ್ಟಾಗ ಕುಣಿದಾಡಿದ್ವಿ ಸಾರ್. ಅವರು ಕೊಟ್ಟ ಜಾಗದಲ್ಲೇ ಇಟ್ಟೆ, ಕೂದಲೆಳೆಯಷ್ಟೂ ಸರಿಸಿಲ್ಲ."

"ತಪ್ಪಿದ್ರೆ ನಾವು ಹೊಣೆಯಲ್ಲ ಅಂತ ಪರವಾನಗೀಲೇ ಇದೆ," ಎಂದು ಸರ್ವೆ ಕಚೇರಿಯಿಂದ ಬಂದಿದ್ದ ಅಧಿಕಾರಿ ಕೈ ತೊಳೆದುಕೊಂಡ.

"ಈ ಹುಡುಗಿ ಮುಟ್ಟಿಲ್ಲ ಅಂದಮೇಲೆ ಸುಳ್ಳು ಹುಟ್ಟಿದ್ದು ಕಚೇರಿಯಲ್ಲೇ," ಎಂದ ಕೆದಕಪ್ಪ. "ಊರೇ ಇರದ ಕಡೆ ಊರು ಬರೆದರೆ ಅದು ಕೈತಪ್ಪಲ್ಲ, ಬೇಕಂತಲೇ ಮಾಡಿದ್ದು. ನಕ್ಷೆ ಕದ್ದು ಅಚ್ಚು ಹಾಕುವವರು ಸಿಕ್ಕಿಬೀಳಲಿ ಅಂತ ಹಿಂದೆ ಹೀಗೆ ಸುಳ್ಳು ಊರು ಇಡ್ತಿದ್ರು. ಆದರೆ ಯಾರಿಗೂ ಗೊತ್ತಿಲ್ಲದ ಹಟ್ಟಿಯ ಹೆಸರು ಕಚೇರಿಯೊಳಗೆ ಹೋಗಿದ್ದು ಹೇಗೆ? ಆ ಹಟ್ಟಿಯ ಅಳಿಯನೊಬ್ಬ ಅಲ್ಲಿದ್ದ. ಅಲ್ವಾ ಯಜಮಾನರೇ?"

ಮುದುಕ ಸೋದರಸೊಸೆಯ ಮುಖ ನೋಡಲಾರದೆ ಹೋದ. "ಕಚೇರೀಲಿ ಗುಡ್ಡದ ಮೇಲೊಂದು ಸುಳ್ಳು ಊರು ಇಡು ಅಂದ್ರು. ತವರಿನ ಹೆಸರು ನಕ್ಷೇಲೇ ಇಲ್ಲ ಅಂತ ನಿಮ್ಮತ್ತೆ ಕೊರಗ್ತಿದ್ಲು ಕಣೇ. ಸಣ್ಣ ಹಟ್ಟಿ ಅಂತ ಅವರು ಸೇರಿಸ್ತಿರಲಿಲ್ಲ. ಹೀಗಾದ್ರೂ ಇರಲಿ ಅಂತ ಆ ಹೆಸರಿಟ್ಟೆ. ತೋರಿಸಿದಾಗ ಎಷ್ಟು ನಕ್ಕಿದ್ಲು..."

"ಗಾಡಿ ದಾರಿ ತಪ್ಪಿದ ದಿನವೇ ಗೊತ್ತಾಯ್ತಾ ಮಾವ?"

"ಗೊತ್ತಾಯ್ತು."

"ನಿಮ್ಮನ್ನ ಏನಂತ ಬಯ್ಯಲಿ ಹೇಳಿ," ಎಂದು ಅವಳು ಬಿಕ್ಕಿದಳು.

"ಇಂಥವು ಇನ್ನೆಷ್ಟಿವೆ?" ಎಂದು ಕಾಂಪೌಂಡರ್ ಕೇಳಿದ.

"ನನ್ನದೊಂದೇ. ಉಳಿದವರು ಎಲ್ಲೆಲ್ಲಿ ಇಟ್ಟರೋ, ಒಬ್ಬರಿಗೊಬ್ಬರು ಹೇಳ್ತಿರಲಿಲ್ಲ. ಈಗ ಕೇಳೋಣ ಅಂದ್ರೆ ಅವರ್ಯಾರೂ ಉಳಿದಿಲ್ಲ."

ಲೈಬ್ರರಿಯ ಹುಡುಗಿ ಮೆಲ್ಲಗೆ ಹೇಳಿದಳು: "ಆ ಹೆಸರುಗಳು ಈಗ ಎಲ್ಲರ ನಕ್ಷೇಲೂ ಇವೆ ಸಾರ್. ಯಾವುದು ಅಂತ ಅಳಿಸೋದು?"



ಅಷ್ಟರಲ್ಲಿ ಕಾಂಪೌಂಡರನ ಫೋನು ಬಡಿದುಕೊಂಡಿತು. ಆಂಬುಲೆನ್ಸ್ ಡ್ರೈವರು, ಎಲ್ಲೋ ಹೆರಿಗೆ ನೋವಂತೆ. ಡ್ರೈವರು ಹೇಳಿದ ಊರಿನ ಹೆಸರನ್ನು ಕಾಂಪೌಂಡರ್ ಎಂದೂ ಕೇಳಿರಲಿಲ್ಲ.

"ನಕ್ಷೇಲಿ ಇದೆ ಸಾರ್. ಊರು ನಿಜವಾಗ್ಲೂ ಅಲ್ಲೇ ಇದೆಯಾ?"

ಕಾಂಪೌಂಡರ್ ಸುತ್ತಲಿದ್ದವರ ಮುಖ ನೋಡಿದ.

"ಗೊತ್ತಿಲ್ಲಪ್ಪ," ಎಂದ. "ಹೊರಡು."