ಎಡಗಾಲಿನ ಬೂಟಿನ ದಾರ

"ತಗಡು ಬಿಚ್ಚಿ, ಬೇಡ ಅನ್ನಲ್ಲ. ಒಳಗಿರೋ ಬೂಟಿನ ದಾರಗಳನ್ನ ಮಾತ್ರ ಮುಟ್ಬೇಡಿ," ಎಂದಳು ವರ್ನಾ ಸ್ಟೋಕ್ಸ್. ಕೋರ್ಟಿನ ಮೆಟ್ಟಿಲು ಗುಡಿಸುತ್ತಿದ್ದವಳು ಪೊರಕೆಯನ್ನು ಕಂಬಕ್ಕೆ ಒರಗಿಸಿ, ಅದನ್ನು ಹೇಳಲೆಂದೇ ಹುಲ್ಲುಹಾಸಿನ ಸಿಪಾಯಿ ಪ್ರತಿಮೆಯ ಬಳಿಗೆ ಇಳಿದು ಬಂದಿದ್ದಳು.

ಪ್ರತಿಮೆ ರಿಪೇರಿಗೆ ಬಂದಿದ್ದ ವೆಂಡಲ್ ಪ್ರೂಯಿಟ್ ನಕ್ಕ. "ಹತ್ತೂರಿನ ಸಿಪಾಯಿಗಳ ಹೊಟ್ಟೆ ಬಗೆದಿದೀನಿ ಕಣ್ರೀ. ಇಲಿಗೂಡು, ವಿಸ್ಕಿ ಬಾಟ್ಲು, ಒಂದ್ಸಲ ಯಾರದೋ ಹಲ್ಲಿನ ಸೆಟ್ಟು. ಯಾವ್ದೂ ಕಚ್ಚಲಿಲ್ಲ."

"ನಗ್ಬೇಡಿ. ಇಲ್ಲಿಂದ ಯುದ್ಧಕ್ಕೆ ಹೋಗೋ ಪ್ರತಿ ಹುಡುಗನ ತಾಯಿ ಅವನ ಎಡಗಾಲಿನ ದಾರಕ್ಕೆ ಗಂಟು ಹಾಕಿ ಇದರೊಳಗೆ ಇಳಿಬಿಡ್ತಾಳೆ. ಬಿಚ್ಚೋದಿದ್ರೆ ಅವಳು ಬಿಚ್ಬೇಕು, ಇಲ್ಲ ಮರಳಿ ಬಂದ ಮಗ ಬಿಚ್ಬೇಕು. ಮೂರನೆಯವರು ಬಿಚ್ಚಿದ್ರೆ ಆ ಹುಡುಗನ ಪಾಲಿಗೆ ಬಂದ ಕೇಡು ಅವರಿಗೆ. ಸೂಲಗಿತ್ತಿ ಹೆಟ್ಟಿ ಸಾಯೋ ಮುಂಚೆ ಇಟ್ಟ ಶಾಪ." ಅವಳು ದನಿ ತಗ್ಗಿಸಿದಳು. "ನಮ್ಮ ಡೆಲ್‌ದೂ ಒಳಗಿದೆ. ವಿಯೆಟ್ನಾಮಲ್ಲಿದ್ದಾನೆ. ಇರೋ ಮಗ ಅವನೊಬ್ಬ."

"ಆಯ್ತಮ್ಮ, ಹೆಟ್ಟಿಗೆ ನಮಸ್ಕಾರ ಹೇಳಿ."

ಸತುವಿನ ಸಿಪಾಯಿ ಟೊಳ್ಳು. ಎಂಬತ್ತು ವರ್ಷ ಬಿಸಿಲಲ್ಲಿ ನಿಂತು ತನ್ನ ಭಾರಕ್ಕೆ ತಾನೇ ಕುಸಿಯುತ್ತಿದ್ದ; ಎಡ ಹಿಮ್ಮಡಿಯ ಮೇಲೆ ಬೆರಳು ತೂರುವಷ್ಟು ಬಿರುಕು. ಐದು ದಿನದಲ್ಲಿ ಮಡಿದವರ ನೆನಪಿನ ಮೆರವಣಿಗೆ. ಅಷ್ಟರೊಳಗೆ ಅವನನ್ನು ನೆಟ್ಟಗೆ ನಿಲ್ಲಿಸಬೇಕಿತ್ತು.

ವೆಂಡಲ್ ಪೀಠದ ಹಿಂದೆ ಮಂಡಿಯೂರಿ ತಿರುಪುಗಳನ್ನು ಬಿಚ್ಚಿದ. ತಗಡು ಕಳಚಿದೊಡನೆ ಹುಳಿವಾಸನೆ ಮುಖಕ್ಕೆ ಬಡಿಯಿತು, ಬೆವರಿದ ಕೈಯಲ್ಲಿ ಬಹಳ ಹೊತ್ತು ಹಿಡಿದ ನಾಣ್ಯದಂಥದು. ಒಳಗಿನ ಕತ್ತಲಲ್ಲಿ ನೂರಾರು ದಾರಗಳು ಗೂಡುಗಟ್ಟಿದ್ದವು. ಕೆಲವನ್ನು ಮುಟ್ಟಿದರೆ ಪುಡಿ. ಏಳಲು ಕಾಲೂರಿದಾಗ ಅವನದೇ ಎಡಬೂಟಿನ ದಾರ ಪಟ್ಟನೆ ಹರಿಯಿತು.

ಎದುರಿಗೇ ಒಂದು ಹೊಸ ದಾರ ಬಿದ್ದಿತ್ತು, ಕರಿಯದು, ಗಟ್ಟಿ. ಅವನು ಎರಡನೆಯ ಸಲ ಯೋಚಿಸಲಿಲ್ಲ. ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿ, ಬೂಟಿಗೆ ಪೋಣಿಸಿ ಕಟ್ಟಿಕೊಂಡ. ಹೆಚ್ಚೂಕಡಿಮೆ ಅದನ್ನು ಮರೆತೂ ಬಿಟ್ಟ.

ಗೋಪುರದ ಗಡಿಯಾರ ಹನ್ನೆರಡು ಹೊಡೆಯುವಾಗ ಎಡಗಾಲು ಒದ್ದೆಯಾಗಿತ್ತು. ಬೆವರೆಂದುಕೊಂಡ. ಹೆಜ್ಜೆಯಿಟ್ಟರೆ ಬೂಟಿನೊಳಗೆ ಪಚಪಚ ಸದ್ದು. ಒಣ ಹುಲ್ಲಿನ ಮೇಲೆ ಕೊಳೆತ ಕೆಸರಿನ ವಾಸನೆ ಎದ್ದಿತು. ಮೇಪಲ್ ಮರದ ಹಕ್ಕಿಗಳು ಒಂದೇ ಏಟಿಗೆ ಸುಮ್ಮನಾದವು. ದಾರ ತಾನಾಗಿ ಬಿಗಿಯಿತು. ಅವನು ಬಗ್ಗಿ ಎಳೆದ. ಜಗ್ಗಲಿಲ್ಲ. ಚಾಕು ತೆಗೆದು ಕೊಯ್ದ. ಅಲಗು ಜಾರಿತು. ಮತ್ತೆ ಕೊಯ್ದ. ಜಾರಿತು. ಪಾದ ಅವನ ಮಾತು ಕೇಳದೆ ಮುಂದೆ ಹೆಜ್ಜೆಯಿಟ್ಟಿತು. ಸಿಪಾಯಿಯತ್ತ.

"ಏನ್ರೀ..." ಊಟದ ಡಬ್ಬಿ ಹಿಡಿದು ಬಂದ ವರ್ನಾ ಅಲ್ಲೇ ನಿಂತಳು. ಅವಳ ಕಣ್ಣು ದಾರದ ಮೇಲಿತ್ತು. "ಇದು ಡೆಲ್‌ದು."

"ಬಿಚ್ಚಿ! ಗಂಟು ಹಾಕಿದವರು ನೀವೇ ಅಲ್ವಾ, ಬಿಚ್ರೀ ಇದನ್ನ!"

ಅವಳು ಮಂಡಿಯೂರಿ ಗಂಟಿನ ಮೇಲೆ ಬೆರಳಿಟ್ಟಳು. ಬೆರಳು ಕೆಸರಾಯಿತು. ಅದನ್ನು ಮೂಸಿದಳು.

"ಈಗ್ಲೇ," ಎಂದಳು ಮೆಲ್ಲಗೆ. "ಅವನು ಈಗ್ಲೇ ಕಾಲಿಡ್ತಿದ್ದಾನೆ."

"ಕೈ ಮುಗಿತೀನಿ ತಾಯೀ!"

"ನಾನು ಬಿಚ್ಚಿದ್ರೆ ಅದು ಡೆಲ್‌ಗೆ ಹೋಗ್ತದೆ ಕಣಪ್ಪಾ." ಅವಳು ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಏಪ್ರನ್ನಿಗೆ ಕೈ ಒರೆಸಿಕೊಂಡಳು.

ಮೇಲೆ ಸತು ನರಳಿತು. ನೆರಳು ಅಲುಗಿತು. ವೆಂಡಲ್ ಎಳೆದ. ಕಾಲು ಬರಲಿಲ್ಲ. ಇನ್ನೊಮ್ಮೆ ಎಳೆದ.

ಸಿಪಾಯಿ ಬಿದ್ದ.

ಆಸ್ಪತ್ರೆಯಲ್ಲಿ ಬೂಟು ಕತ್ತರಿಸಿ ತೆಗೆದ ನರ್ಸು, ಅದರ ತುಂಬ ಕೆಂಪು ಕೆಸರಿತ್ತೆಂದೂ ನಡುವೆ ಒಂದು ಹಸಿರು ಭತ್ತದ ಸಸಿಯಿತ್ತೆಂದೂ ಹೇಳಿದಳು. ಪಾದ ಉಳಿಯಲಿಲ್ಲ.

ಮೂರನೆಯ ವಾರ ಅವನು ಮಧ್ಯಾಹ್ನದ ನಿದ್ದೆಯಿಂದ ಎಚ್ಚರವಾದಾಗ ವರ್ನಾ ಮಂಚದ ಪಕ್ಕ ಕೂತಿದ್ದಳು. ಮಡಿಲಲ್ಲಿ ಸೇಬಿನ ಕಡುಬು, ಕೈಯಲ್ಲಿ ಕಾಗದ.

"ಡೆಲ್ ಬರ್ದಿದಾನೆ. ಗದ್ದೇಲಿ ನೆಲಬಾಂಬಿನ ಮೇಲೆ ಎಡಗಾಲು ಇಟ್ನಂತೆ. ಟಿಕ್ ಅಂತಂತೆ, ಸಿಡೀಲಿಲ್ವಂತೆ. ಪುಣ್ಯವಂತ ಅಂತ ಎಲ್ರೂ ಅವನ ತಲೆ ಸವರಿದ್ರಂತೆ."

ವೆಂಡಲ್ ಮೊಣಕೈಯೂರಿ ಅವಳತ್ತ ತಿರುಗಿದ. "ಬಿಚ್ಚಿದ್ರೆ ನನ್ನ ಕಾಲು ಉಳೀತಿತ್ತು, ಅಲ್ವಾ?"

"ಉಳೀತಿತ್ತು." ಅವಳು ಕಣ್ಣು ತಗ್ಗಿಸಲಿಲ್ಲ. "ಕಡುಬು ಬಿಸಿಯಾಗಿದೆ, ತಿನ್ನಿ."

"ದಾರ ಎಲ್ಲಿ?"

ಅವಳು ಎದ್ದು, ಅವನ ಹೊದಿಕೆಯ ಅಂಚನ್ನು ಮಗುವಿಗೆ ಹೊದಿಸುವವಳಂತೆ ಹಾಸಿಗೆಯಡಿಗೆ ಸಿಕ್ಕಿಸಿದಳು.

"ಅವನಿಗಲ್ಲಿ ಇನ್ನೂ ಏಳು ತಿಂಗಳಿದೆ ಕಣಪ್ಪಾ," ಎಂದಳು. "ನೀವು ನಿದ್ದೇಲಿದ್ರಿ, ಎಬ್ಬಿಸ್ಲಿಲ್ಲ."

ಬಾಗಿಲು ಮುಚ್ಚಿತು. ಹೊದಿಕೆಯಡಿ, ಉಳಿದಿದ್ದ ಬಲಗಾಲಿನ ಸುತ್ತ ಏನೋ ಮೆಲ್ಲಗೆ ಬಿಗಿಯಿತು. ಬೆರಳ ಸಂದಿಯಲ್ಲಿ ತಣ್ಣಗೆ ಕೆಸರು ಒಸರತೊಡಗಿತು.