ಬಾನೆಟ್ ಒಳಗಿನ ಬರಹ

"ಮುಟ್ಟಬೇಡಿ!"

ಅವಳು ಕೂಗಿದ ರಭಸಕ್ಕೆ ಸಿಗ್ನಲ್‌ನಲ್ಲಿ ನಿಂತಿದ್ದ ಸ್ಕೂಟರಿನವರೆಲ್ಲ ತಿರುಗಿ ನೋಡಿದರು. ಕೆಟ್ಟು ನಿಂತ ಅವಳ ಕಾರಿನ ಬಾನೆಟ್ ಮೇಲೆ ಕೈಯಿಟ್ಟಿದ್ದ ಮನುಷ್ಯ ಮಾತ್ರ ಕೈ ತೆಗೆಯಲಿಲ್ಲ.

"ಮುಟ್ಟದೆ ರಿಪೇರಿ ಮಾಡೋಕೆ ನನಗೆ ಮಂತ್ರ ಬರಲ್ಲ ಮೇಡಂ. ದೀಪ ಮೂರು ಸಲ ಹಸಿರಾಗಿ ಹೋಯ್ತು. ಹಿಂದಿನ ಬಸ್ಸಿನವನು ಇನ್ನೊಂದು ಹಾರ್ನ್ ಹೊಡೆದ್ರೆ ನನ್ನ ಕಿವೀನೂ ರಿಪೇರಿಗೆ ಹಾಕಬೇಕಾಗುತ್ತೆ."

"ಇದು ಎಲ್ಲಾ ಗಾಡಿ ಥರ ಅಲ್ಲ ರೀ… ಇದರ ಪಾರ್ಟು ಎಲ್ಲೂ ಸಿಗಲ್ಲ. ಏನಾದ್ರೂ ಮುರಿದುಬಿಟ್ರೆ?"

"ಗೊತ್ತು. ಈ ಕಂಪನಿ ಬಾಗಿಲು ಹಾಕಿದ ವರ್ಷವೇ ನಾನು ಹುಟ್ಟಿದ್ದು," ಎಂದವನೇ ಬಾನೆಟ್ ಎತ್ತಿದ.

ಪ್ರೇಮಕಥೆಯ ನಾಯಕ ತನ್ನ ಮೊದಲ ನೋಟವನ್ನು ನಾಯಕಿಗೆ ಕೊಡಬೇಕು. ಇವನು ಅದನ್ನು ಅವಳ ಕಾರ್ಬುರೇಟರಿಗೆ ಕೊಟ್ಟ. ಎರಡನೆಯದನ್ನು ಪೆಟ್ರೋಲ್ ಪಂಪಿಗೆ. ನಮ್ಮ ನಾಯಕಿಗೆ ಸಿಕ್ಕಿದ್ದು ಮೂರನೆಯದು, ಅದೂ ಒಂದು ಹೇರ್‌ಪಿನ್ ಕೇಳುವುದಕ್ಕೆ.

ಅವಳು ತಲೆಯಿಂದ ಪಿನ್ ಕಿತ್ತು ಕೊಟ್ಟಳು. ಅವನು ಅದನ್ನು ಬಗ್ಗಿಸಿ ಎಲ್ಲೋ ಸಿಕ್ಕಿಸಿದ. ಗಾಡಿ ಕೆಮ್ಮಿ, ಎದ್ದು ಕೂತಿತು!

"ಆ ಮೂಲೇಲಿರೋ ಗ್ಯಾರೇಜ್ ಶೆಡ್ಡು ನನ್ನದೇ. ಸಂಜೆಯೊಳಗೆ ಅಲ್ಲಿಗೆ ತನ್ನಿ. ಪಿನ್ನು ವಾಪಸ್ ಕೊಡಬೇಕಲ್ಲ," ಎಂದ.

ಮುಂದಿನ ಸೀಟಿನಲ್ಲಿ ಬಲಗಾಲು ಚಾಚಿ ಕೂತಿದ್ದ ಅಮ್ಮ ಮಗಳ ಮುಖವನ್ನೊಮ್ಮೆ ನೋಡಿ, ಕಿಟಕಿಯಾಚೆ ತಿರುಗಿಕೊಂಡರು.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜಿಗೆ ಸಾಣೆ ಹಿಡಿಯುವವಳು. ಫ್ರೇಮಿಗೆ ಸರಿಯಾಗಿ ಗಾಜಿನ ಅಂಚು ಸವೆಸಿ ಕೂರಿಸುವುದು ಅವಳ ಕೆಲಸ. ಬೀದಿಯವರ ಬಾಯಲ್ಲಿ ಅವಳು 'ಕನ್ನಡಕದ ಹುಡುಗಿ', ಅವಳ ಕಾರು 'ಕಪ್ಪೆ'. ಹಸಿರು ಬಣ್ಣ, ಉಬ್ಬಿದ ಕಣ್ಣಿನಂಥ ದೀಪಗಳು. ಅಪ್ಪ ಬಿಟ್ಟುಹೋದ ಕಾರು. ಇಡೀ ಊರಿಗೆ ಅದೊಂದೇ.

ಮಾರಿಬಿಡಿ ಎಂದು ಹೇಳದ ನೆಂಟರಿರಲಿಲ್ಲ. ಮಾರುವ ಹಾಗಿರಲಿಲ್ಲ. ಎರಡು ವರ್ಷದ ಹಿಂದೆ ಅಮ್ಮ ಮೆಟ್ಟಿಲಿಂದ ಬಿದ್ದು ಬಲಮಂಡಿ ಒಡೆದುಕೊಂಡಿದ್ದರು. ಮೂಳೆ ಕೂಡಿಕೊಂಡಿತು, ಮಂಡಿ ಮಡಚುವುದು ಮಾತ್ರ ನಿಂತೇಹೋಯಿತು. ಆಟೋ, ಬಸ್ಸು, ಬಾಡಿಗೆ ಕಾರು, ಯಾವುದರಲ್ಲೂ ಆ ಮಡಚದ ಕಾಲು ಹಿಡಿಸದು. ಕಪ್ಪೆಯಲ್ಲಿ ಮಾತ್ರ ಮುಂದಿನ ಸೀಟು ಹಿಂದಿನದಕ್ಕೆ ತಾಗುವಷ್ಟು ಸರಿಯುತ್ತಿತ್ತು. ಅದು ನಿಂತ ದಿನ ಅಮ್ಮನೂ ಮನೆಯೊಳಗೇ ನಿಂತಂತೆ.

ಹೀಗಾಗಿ ಅವಳು ಶೆಡ್ಡಿಗೆ ಹೋದಳು. ಮುಂದಿನ ತಿಂಗಳೂ ಹೋದಳು. ಆಮೇಲೆ ಹದಿನೈದು ದಿನಕ್ಕೊಮ್ಮೆ.

ಎಲ್ಲರೂ 'ಮೇಸ್ತ್ರಿ' ಎಂದು ಕರೆಯುತ್ತಿದ್ದ ಅವನು ಕಪ್ಪೆಯನ್ನು ಊರಿನ ಅರ್ಧ ಗಾಡಿಗಳಿಗೆ ನೆಂಟನನ್ನಾಗಿ ಮಾಡಿಬಿಟ್ಟ. ಒರೆಸುವ ವೈಪರಿಗೆ ಯಾವುದೋ ಹಳೆ ಬಸ್ಸಿನ ಮೋಟಾರು. ನೀರಿನ ಪೈಪು ಟ್ರಾಕ್ಟರಿನದು, ಎರಡು ಇಂಚು ಕತ್ತರಿಸಿದ್ದು. ಒಂದೊಂದನ್ನೂ ಅಳೆದು, ಉಜ್ಜಿ, ಮತ್ತೆ ಅಳೆದು ಕೂರಿಸುತ್ತಿದ್ದ. ಅವಳು ಬೆಂಚಿನ ಮೇಲೆ ಕೂತು ಆ ಕೈಗಳನ್ನು ನೋಡುತ್ತಿದ್ದಳು. ಕೂದಲೆಳೆಯಷ್ಟು ಹೆಚ್ಚು ಸವೆಸಿದರೂ ಗಾಜು ಹಾಳು ಎಂಬುದು ಗೊತ್ತಿದ್ದವಳಿಗೆ ಆ ಕೈಗಳ ಬೆಲೆ ಗೊತ್ತಿತ್ತು.

'ಇವರು ಕೆಲಸ ಮಾಡುವಾಗ ಯಾಕೆ ಇಷ್ಟು ಚೆನ್ನಾಗಿ ಕಾಣ್ತಾರೆ?' ಎಂದುಕೊಂಡಳು ಒಮ್ಮೆ. ತಕ್ಷಣ ತನ್ನನ್ನೇ ಬೈದುಕೊಂಡಳು.

ಕ್ಲಚ್ಚಿನ ರಬ್ಬರ್ ವಾಷರ್ ಬದಲಾಯಿಸಿದ ದಿನ ಕೇಳಿದಳು.

"ಇದು ಯಾವ ಗಾಡಿದು ಮೇಸ್ತ್ರಿ?"

ಅವನು ಬಾನೆಟ್ ಮುಚ್ಚಿದ. "ಅದೆಲ್ಲ ನಿಮಗ್ಯಾಕೆ ಮೇಡಂ? ಕೆಟ್ರೆ ನಾನಿದ್ದೀನಲ್ಲ…"

ಆ ಮಾತನ್ನು ಅವಳು ಮನೆವರೆಗೂ ಜೋಪಾನವಾಗಿ ತಂದಳು. ಮಲಗುವಾಗ ಇನ್ನೊಮ್ಮೆ ನೆನೆದಳು. ನಾನಿದ್ದೀನಲ್ಲ! ಎಷ್ಟು ಹೆಣ್ಣುಮಕ್ಕಳಿಗೆ ಈ ಮಾತು ಕೇಳುವ ಭಾಗ್ಯವಿದೆ? ಅದರಲ್ಲಿ ಏನೋ ಐಬಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಪ್ರೀತಿಗೆ ಬಿದ್ದವರಿಗೆ ಹೊಳೆಯುವುದೂ ಇಲ್ಲ.

ಪಕ್ಕದ ನಗರದ ದೊಡ್ಡಾಸ್ಪತ್ರೆಗೆ ಮಂಡಿಯ ಡಾಕ್ಟರೊಬ್ಬರು ವಾರದಲ್ಲಿ ಎರಡು ದಿನ ಮಾತ್ರ ಬರುತ್ತಿದ್ದರು. ಅವರು ಒಪ್ಪಿದರೆ ಆಪರೇಷನ್, ಆಪರೇಷನ್ ಆದರೆ ಅಮ್ಮನ ಕಾಲು ಮತ್ತೆ ಮಡಚೀತು. ನಾಲ್ಕು ತಿಂಗಳು ಕಾದ ಮೇಲೆ ಸಮಯ ಸಿಕ್ಕಿತು. ಸೋಮವಾರ, ಮಧ್ಯಾಹ್ನ ಎರಡು ಗಂಟೆ.

ಸೋಮವಾರ ಹನ್ನೊಂದಕ್ಕೆ, ಹೆದ್ದಾರಿಯ ನಟ್ಟನಡುವೆ, ಕ್ಲಚ್ ಪೆಡಲ್ ಕೆಳಗೆ ಹೋದದ್ದು ಮೇಲೆ ಬರಲೇ ಇಲ್ಲ.

ಅದೃಷ್ಟಕ್ಕೆ ನೂರು ಹೆಜ್ಜೆಯಲ್ಲೇ ಒಂದು ಗ್ಯಾರೇಜಿತ್ತು. ಅಲ್ಲಿಯ ಮುದುಕ ಮೆಕ್ಯಾನಿಕ್ ಬಗ್ಗಿ ನೋಡಿ, ತಲೆ ಕೆರೆದುಕೊಂಡ.

"ವಾಷರ್ ಹರಿದಿದೆ ತಾಯಿ. ಆದ್ರೆ ಇದು ಈ ಗಾಡಿದಲ್ಲ. ಯಾವುದರದ್ದು ಹಾಕಿಸಿದ್ರಿ?"

"ಗೊತ್ತಿಲ್ಲ…"

"ಹಾಕಿದವರಿಗೆ ಗೊತ್ತಿರುತ್ತೆ. ಫೋನ್ ಮಾಡಿ."

ಅವಳು ಮಾಡಿದಳು. ಹನ್ನೊಂದು ಸಲ ಮಾಡಿದಳು. ಫೋನು ಮೇಸ್ತ್ರಿಯ ಅಂಗಿಯ ಜೇಬಿನಲ್ಲಿತ್ತು, ಅಂಗಿ ಮೊಳೆಯ ಮೇಲಿತ್ತು, ಮೇಸ್ತ್ರಿ ಬೀದಿಯ ತುದಿಯಲ್ಲಿ ಒಂದು ಲಾರಿಯ ಕೆಳಗಿದ್ದ.

ಮುದುಕ ಅಂದಾಜಿನ ಮೇಲೆ ನಾಲ್ಕು ವಾಷರ್ ಹಾಕಿ ನೋಡಿದ. ಒಂದು ಸಡಿಲ, ಒಂದು ಬಿಗಿ, ಎರಡು ಕೂರಲೇ ಇಲ್ಲ. ಕೈ ತೋರಿ ನಿಲ್ಲಿಸಿದ ಎರಡು ಗಾಡಿಗಳಲ್ಲಿ ಅಮ್ಮನ ಕಾಲು ಒಳಗೆ ಹೋಗಲಿಲ್ಲ. ಎರಡನೆಯ ಸಲ ಪ್ರಯತ್ನಿಸುವಾಗ ಅಮ್ಮ ನೋವಿಗೆ ಚೀರಿದರು. ಆ ಮೇಲೆ ಅವಳು ಯಾವ ಗಾಡಿಯನ್ನೂ ನಿಲ್ಲಿಸಲಿಲ್ಲ.

ಎರಡು ಗಂಟೆ ಆಯಿತು. ಮೂರೂ ಆಯಿತು.

ಮೂರೂವರೆಗೆ ಫೋನ್ ಬಂತು. "ಏನಾಯ್ತು ಮೇಡಂ? ಇಷ್ಟೊಂದು ಸಲ…"

"ಕ್ಲಚ್ ವಾಷರ್. ಯಾವ ಗಾಡಿದು?" ಅವಳ ದನಿಯಲ್ಲಿ ಏನೂ ಇರಲಿಲ್ಲ.

"ಮೂರು ಚಕ್ರದ ಗೂಡ್ಸ್ ಗಾಡಿದು. ಅದರ ಹಿಂದಿನ ಬ್ರೇಕ್ ವಾಷರು."

ಮುದುಕ ಕೈ ಚಾಚಿ ಗೋಡೆಯ ಮೊಳೆಯಿಂದ ಒಂದು ಪೊಟ್ಟಣ ಇಳಿಸಿದ. ಬೆಳಗಿನಿಂದ ಅದು ಅವಳ ಕಣ್ಣೆದುರೇ ನೇತಾಡುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಡಾಕ್ಟರು ಎರಡೂವರೆಗೇ ಬೇರೆಯವರನ್ನು ಒಳಗೆ ಕರೆದಿದ್ದರು.

ವಾಪಸ್ ಬರುವಾಗ ಅಮ್ಮ, "ಹೋಗ್ಲಿ ಬಿಡು ಪುಟ್ಟಿ, ಇಷ್ಟು ದಿನ ನೆಟ್ಟಗಿದ್ದ ಕಾಲು ಇನ್ನೂ ಸ್ವಲ್ಪ ದಿನ ನೆಟ್ಟಗಿರುತ್ತೆ," ಎಂದರು. ಮಗಳು ನಗಲಿಲ್ಲ.

ಮರುದಿನ ಶೆಡ್ಡಿಗೆ ಹೋದಾಗ ಅವಳಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು. ನಿಜ ಹೇಳಬೇಕೆಂದರೆ ಅವನು ಒಂದು ಒಳ್ಳೆಯ ಕಾರಣ ಕೊಡಲಿ ಎಂದೇ ಅವಳ ಮನಸ್ಸು ಬೇಡುತ್ತಿತ್ತು.

ಬಾಗಿಲಲ್ಲೇ ಒಂದು ಹಳೆ ಜೀಪು ಬಾನೆಟ್ ತೆರೆದು ನಿಂತಿತ್ತು. ಬಾನೆಟ್ಟಿನ ಒಳಮೈಯಲ್ಲಿ ಬಿಳಿ ಪೇಂಟಿನ ಸಣ್ಣ ಅಕ್ಷರಗಳು. 'ರೇಡಿಯೇಟರ್: ನೀರಿನ ಟ್ಯಾಂಕರಿಂದು. ಕ್ಲಚ್ ವಾಷರ್: ಶಾಲಾ ವ್ಯಾನಿಂದು.'

ಅವಳು ಪಕ್ಕದ ವ್ಯಾನಿನ ಬಾನೆಟ್ ಎತ್ತಿದಳು. ಅಲ್ಲೂ ಪಟ್ಟಿ. ಮೂಲೆಯಲ್ಲಿದ್ದ ಮುರುಕಲು ಕಾರಿನಲ್ಲೂ ಪಟ್ಟಿ!

ಜೀಪಿನ ಯಜಮಾನ, ಡ್ರೈವಿಂಗ್ ಕಲಿಸುವ ದಪ್ಪ ಮನುಷ್ಯ, ಹೆಮ್ಮೆಯಿಂದ ಹೇಳಿದ. "ಈ ಶೆಡ್ಡಿನ ಪದ್ಧತಿ ಅಮ್ಮಾ. ಮೇಸ್ತ್ರಿಯ ಗುರುಗಳು ಹಾಕಿಕೊಟ್ಟಿದ್ದು. ಬೇರೆ ಗಾಡಿ ಪಾರ್ಟು ಹಾಕಿದ್ರೆ ಅಲ್ಲೇ ಬರೆದುಬಿಡಬೇಕು. ನಾಳೆ ಎಲ್ಲೋ ಕೆಟ್ಟು ನಿಂತ್ರೆ ಬೇರೆ ಮೆಕ್ಯಾನಿಕ್ಕು ಪರದಾಡಬಾರದು ನೋಡಿ."

ಅವಳು ಹೊರಗೆ ಹೋಗಿ ಕಪ್ಪೆಯ ಬಾನೆಟ್ ಎತ್ತಿದಳು. ಒಳಗೆ ಬೋಳು ಹಸಿರು. ಒಂದಕ್ಷರವಿಲ್ಲ.

ಮೇಸ್ತ್ರಿ ಓಡಿಬಂದ. "ಮೇಡಂ, ಅಮ್ಮನಿಗೆ ಹೇಗಿದೆ? ನಾನು ನಿನ್ನೆ…"

"ಎಲ್ಲರ ಗಾಡಿಗೂ ಬರೀತೀರಿ. ನನ್ನದಕ್ಕೆ ಮರೆತ್ರಾ?"

ಒಂದು 'ಹೌದು' ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮುಚ್ಚಿಡಲು ಮಾತ್ರ ಬರುತ್ತಿತ್ತು.

"ಮರೆತಿಲ್ಲ. ಬರೆದಿದ್ರೆ… ಯಾರ ಹತ್ರ ಬೇಕಾದ್ರೂ ಹೋಗಬಹುದಿತ್ತು ನೀವು. ಬರೆಯದಿದ್ರೆ ನನ್ನ ಹತ್ರಾನೇ ಬರ್ತೀರಿ ಅಂತ…"

ಅವಳು ಇಷ್ಟು ದಿನ ಅವನ ಬಾಯಿಂದ ಕೇಳಲು ಕಾದಿದ್ದ ಮಾತು ಹೆಚ್ಚುಕಡಿಮೆ ಇದೇ. ಬಂದ ರೀತಿ ಮಾತ್ರ ಇದಾಗಬಾರದಿತ್ತು!

"ನಾನು ಬರ್ತಾನೇ ಇದ್ದೆನಲ್ಲ ಮೇಸ್ತ್ರಿ," ಎಂದಳು. "ಏನೂ ಕೆಡದಿದ್ರೂ ಶಬ್ದ ಬರ್ತಿದೆ ಅಂತ ನೆಪ ಹೇಳ್ಕೊಂಡು ಬರ್ತಿದ್ದೆ. ನೀವು ಕಟ್ಟಿಹಾಕೋ ಅಗತ್ಯವೇ ಇರಲಿಲ್ಲ. ನಿಮ್ಮ ಆಸೆಗೆ ನನ್ನಮ್ಮ ನಿನ್ನೆ ರಸ್ತೇಲಿ ಚೀರಿದ್ರು…"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕೇಳಲು ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಅವರ ಮನೆ ಮುಂದೆ ನಿಂತಿದ್ದ. ಕೈಯಲ್ಲಿ ಒಂದು ಡಬ್ಬಿ ಬಿಳಿ ಪೇಂಟು, ಸಣ್ಣ ಬ್ರಷ್ಷು.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಮ್ಮ ಜಗುಲಿಯಲ್ಲಿ ಕಾಲು ಚಾಚಿ ಕೂತೇ ಇದ್ದರು.

"ನಿಮ್ಮ ಕಾಲು ಹಿಡಿದು ಕ್ಷಮೆ ಕೇಳಬೇಕು ಅಮ್ಮಾ," ಎಂದ ಅವನು.

"ಬಲಗಾಲು ಮುಟ್ಟೀಯಾ ಜೋಕೆ! ಎಡಗಾಲು ಹಿಡ್ಕೋ," ಎಂದರು ಅಮ್ಮ. "ನನಗೆ ನಿನ್ನ ಮೇಲೆ ಕೋಪ ಇದೆಯಪ್ಪಾ. ಆದ್ರೆ ಅದನ್ನ ಬಹಳ ಹೊತ್ತು ಇಟ್ಕೊಳ್ಳೋದು ನನ್ನ ಕೈಲಿ ಆಗಲ್ಲ. ನನ್ನ ಮಗಳ ಕೈಲಾಗುತ್ತೆ."

ಅವನು ಒಂದೊಂದೇ ಪಾರ್ಟು ಮುಟ್ಟಿ, ನೆನಪು ಮಾಡಿಕೊಂಡು, ಬರೆಯತೊಡಗಿದ. ಅವಳು ಕಿಟಕಿಯ ಪರದೆಯ ಹಿಂದೆ ನಿಂತಿದ್ದಳು. ಎರಡು ಸಲ ಒಳಗೆ ಹೋಗಿ ಕೆಲಸ ಹುಡುಕಿಕೊಂಡಳು, ಎರಡು ಸಲವೂ ಕಿಟಕಿಗೇ ಬಂದಳು.

ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ಸಾಲಾಗಿತ್ತು.

ಅಮ್ಮ ಕೇಳಿದರು. "ಅಲ್ಲಪ್ಪಾ, ಎಲ್ಲಾ ಬರೆದು ಕೊಟ್ಟುಬಿಟ್ರೆ ಇನ್ನು ನೀನು ಯಾತಕ್ಕೆ?"

"ಅದೇ ಅಮ್ಮಾ. ನಾನು ಯಾತಕ್ಕೂ ಬೇಡ ಅನ್ನೋ ಹಾಗೆ ಬರೆದಿದ್ದೀನಿ."

ಡಬ್ಬಿಯ ಮುಚ್ಚಳ ಒತ್ತಿ, ಕಿಟಕಿಯತ್ತ ಒಮ್ಮೆಯೂ ನೋಡದೆ ಹೊರಟುಹೋದ. ಪರದೆಯ ಹಿಂದೆ ಅವಳು ಅತ್ತಳು. ಕೋಪ ಇನ್ನೂ ಇತ್ತು, ಪ್ರೀತಿಯೂ ಇತ್ತು. ಎರಡನ್ನೂ ಒಟ್ಟಿಗೆ ಏನು ಮಾಡುವುದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಡಾಕ್ಟರ ಸಮಯ ಮತ್ತೆ ಸಿಗಲು ಆರು ವಾರ ಹಿಡಿಯಿತು. ಆ ಆರು ವಾರ ಅವಳು ಶೆಡ್ಡಿನ ಬೀದಿಗೆ ಕಾಲಿಡಲಿಲ್ಲ. ಅಂಗಡಿಯಲ್ಲಿ ಮೂರು ಗಾಜು ಒಡೆದಳು. ಹತ್ತು ವರ್ಷದಲ್ಲಿ ಅಷ್ಟು ಒಡೆದಿರಲಿಲ್ಲ.

ಹೊರಟ ದಿನ, ಕಪ್ಪೆ ತನ್ನ ಸ್ವಭಾವ ಬಿಡಬೇಕಲ್ಲ… ಅರ್ಧ ದಾರಿಯಲ್ಲಿ ಫ್ಯಾನ್ ಬೆಲ್ಟ್ ತುಂಡಾಯಿತು. ಗುರುತಿಲ್ಲದ ಊರು, ಗುರುತಿಲ್ಲದ ಗ್ಯಾರೇಜು. ಅವಳು ಗಡಿಯಾರ ನೋಡಿದಳು. 'ದೇವರೇ, ಇವತ್ತು ಬೇಡ…'

ಅಲ್ಲಿಯ ಮೆಕ್ಯಾನಿಕ್ ಬಾನೆಟ್ ಎತ್ತಿ, ಓದಿ, ಗಟ್ಟಿಯಾಗಿ ನಕ್ಕ.

"'ಫ್ಯಾನ್ ಬೆಲ್ಟ್: ಹಿಟ್ಟಿನ ಗಿರಣಿಯದು.' ಗಿರಣಿ ಇಲ್ಲೇ ಎದುರಿಗಿದೆ ಮೇಡಂ! ಯಾರು ಬರೆದಿದ್ದು? ಇಂಥವರು ಊರಿಗೊಬ್ಬರಿದ್ರೆ ನಮ್ಮ ಅರ್ಧ ತಲೆನೋವು ಹೋಗುತ್ತೆ."

ಹದಿನೈದು ನಿಮಿಷ. ಅಷ್ಟೇ. ಈ ಸಲವೂ ಕೊಟ್ಟಿದ್ದ ಸಮಯ ಎರಡು ಗಂಟೆಯೇ. ಅದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಅಮ್ಮ ಡಾಕ್ಟರ ಎದುರು ಕೂತಿದ್ದರು.

ಅವಳು ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕಾಯುತ್ತ ಯೋಚಿಸಿದಳು. ಅವನು ಹೇಳಿದಂತೆಯೇ ಮಾಡಿದ್ದ. ಇನ್ನು ಅವನು ಬೇಕಾಗಿಲ್ಲ. ಎಲ್ಲಿ ಕೆಟ್ಟರೂ, ಯಾರು ಬೇಕಾದರೂ ಸರಿಮಾಡಬಹುದು. ಇದು ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ಅವನು ಬೇಕು ಎಂದು ಅವಳ ಜೀವ ಹಠ ಹಿಡಿದಿತ್ತು. ಈಗ ಅದಕ್ಕೆ ಕಾರಿನ ನೆಪವನ್ನೂ ಹೇಳುವ ಹಾಗಿರಲಿಲ್ಲ.

ಸಂಜೆ ಐದೂವರೆಗೆ ಕಪ್ಪೆ ಶೆಡ್ಡಿನ ಮುಂದೆ ನಿಂತಿತು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಎದ್ದುಬಂದ. ಸಣ್ಣಗಾಗಿದ್ದ.

"ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ. ದಾರೀಲಿ ಬೆಲ್ಟ್ ಹೋಯ್ತು, ಬೇರೆಯವರು ಹಾಕಿಕೊಟ್ರು."

"ಸರಿಯಾಗಿ ಕೂತಿದೆಯಾ? ಒಂದ್ಸಲ ನೋಡ್ಲಾ?"

"ಬೇಡ. ಸರಿಯಾಗಿದೆ."

ಅವಳೇ ಮುಂದುವರಿಸಿದಳು. "ಅಮ್ಮನಿಗೆ ಮುಂದಿನ ಗುರುವಾರ ಆಪರೇಷನ್. ಕಾಲು ಮಡಚುತ್ತೆ ಅಂದ್ರು ಡಾಕ್ಟರು."

"ಹೌದಾ!" ಅವನ ಮುಖ ಅರಳಿತು. ಮರುಕ್ಷಣವೇ ಏನೋ ಲೆಕ್ಕ ಹಾಕಿದಂತೆ ಬಾಡಿತು. "ಹಾಗಾದ್ರೆ ಇನ್ನು ಯಾವ ಗಾಡೀಲಾದ್ರೂ ಕೂತ್ಕೋಬಹುದು ಅವರು. ಈ ಗಾಡಿ ಬೇಕಾಗಲ್ಲ."

"ಬೇಕಾಗಲ್ಲ. ಮೇಸ್ತ್ರೀನೂ ಬೇಕಾಗಲ್ಲ. ಎರಡೂ ಗೊತ್ತಿದ್ದೇ ಬಂದಿದ್ದೀನಿ. ಇನ್ನೂ ಬಿಡಿಸಿ ಹೇಳಬೇಕಾ?"

ಅವನ ಕೈಯ ಬಟ್ಟೆ ನೆಲಕ್ಕೆ ಬಿತ್ತು.

"ನೀವಂದ್ರೆ ನನಗೆ ಪ್ರಾಣ," ಎಂದ. ಇಷ್ಟು ದಿನ ಎಲ್ಲಿಟ್ಟಿದ್ದನೋ, ಮಾತು ತಡೆಯಿಲ್ಲದೆ ಬಂತು. "ಹೇಳೋಕೆ ಧೈರ್ಯ ಇರಲಿಲ್ಲ. ಕೇಳಿ, ನೀವು ಇಲ್ಲ ಅಂದುಬಿಟ್ರೆ ಅಂತ ಹೆದರಿ ಹಾಗೆ ಮಾಡಿದೆ. ತಪ್ಪು. ಬೇರೆ ದಾರಿ ಇಲ್ಲದ ಹಾಗೆ ಮಾಡಿ ನಿಮ್ಮನ್ನ ಹಿಡಿದಿಡೋಕೆ ನೋಡಿದೆ. ಇನ್ನೊಂದ್ಸಲ ನಿಮ್ಮಿಂದ ಏನನ್ನೂ ಮುಚ್ಚಿಡಲ್ಲ. ನೀವು ಹೊರಟುಹೋಗೋ ಹಾಗಿದ್ರೂ ಮುಚ್ಚಿಡಲ್ಲ."

ಅವಳು ಹತ್ತಿರ ಹೋಗಿ, ಗ್ರೀಸು ಮೆತ್ತಿದ ಆ ಕೈ ಹಿಡಿದುಕೊಂಡಳು.

ಕಾರಿನೊಳಗಿಂದ ಅಮ್ಮನ ದನಿ ಬಂತು. "ನನ್ನ ಕಾಲು ಜೋಮು ಹಿಡೀತಿದೆ! ಬೇಗ ಒಪ್ಕೊಂಡು ಮುಗಿಸ್ರಪ್ಪಾ!"

ಇಬ್ಬರೂ ನಕ್ಕರು. ನಗುವಿನ ನಡುವೆ ಅವನು ಮೆಲ್ಲಗೆ ಕೇಳಿದ.

"ಕೋಪ ಹೋಯ್ತಾ?"

"ಇಲ್ಲ."

"ಯಾವಾಗ ಹೋಗುತ್ತೆ?"

"ಗೊತ್ತಿಲ್ಲ," ಎಂದಳು ಅವಳು, ಕೈ ಬಿಡದೆ. "ದಿನಾ ಬಂದು ಹೇಳ್ತೀನಿ."