ನಳಿಗೆ ನನ್ನದು, ಟ್ರಿಗರ್ ನಿಮ್ಮದು

ಜೀಪಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು. ಖಾಕಿ ಪ್ಯಾಂಟು, ಕಂದು ಬೂಟು.

ಒಬ್ಬ ಆ ಕಾಲು ಹಿಡಿದು ಎಳೆಯುತ್ತಿದ್ದ. ಇನ್ನೊಬ್ಬ ಮಚ್ಚು ಹಿಡಿದು ನಿಂತಿದ್ದ... ತಲೆ ಹೊರಗೆ ಬರಲಿ ಎಂದು. ಮೂರನೆಯವನು ವ್ಯಾನಿನಲ್ಲಿ ಕೂತು ಹಾರನ್ ಒತ್ತುತ್ತಿದ್ದ, ಮದುವೆಗೆ ತಡವಾದವನಂತೆ.

ನಾನು ಐವತ್ತು ಗಜ ದೂರದಲ್ಲಿ, ಮೋರಿಯ ಹಿಂದೆ. ಪಕ್ಕದಲ್ಲಿ ಹಾಗಲವಾಡಿಯ ಮುದ್ದಯ್ಯ. ನಮ್ಮಿಬ್ಬರ ನಡುವೆ ಅವರ ಜೋಡಿನಳಿಗೆ ಕೋವಿ.

ನಾನು ಜಹೀರ್ ಅಹಮದ್. ತುಮಕೂರಿನಲ್ಲಿ ಕೋವಿ ರಿಪೇರಿ ಮಾಡುತ್ತೇನೆ.

ಅದು ತೊಂಬತ್ತೊಂಬತ್ತರ ಚುನಾವಣೆ. ನಿಮಗೆ ಗೊತ್ತಲ್ಲ, ಚುನಾವಣೆ ಬಂದರೆ ಲೈಸೆನ್ಸ್ ಕೋವಿಗಳೆಲ್ಲ ಠಾಣೆಗೆ ಹೋಗಿ ಮಲಗಬೇಕು. ಸಬ್‌ ಇನ್ಸ್‌ಪೆಕ್ಟರ್ ವೀರಭದ್ರಯ್ಯ ಕೊಟ್ಟ ಗಡುವು ಹಿಂದಿನ ದಿನವೇ ಮುಗಿದಿತ್ತು. ಸುತ್ತಲಿನ ಕೋವಿಗಳೆಲ್ಲ ಒಳಗೆ, ಇದೊಂದು ಹೊರಗೆ. ತಪ್ಪು ನನ್ನದು. ರಿಪೇರಿ ತಡ ಮಾಡಿದ್ದೆ. ಅದಕ್ಕೇ ಮುದ್ದಯ್ಯನವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬೆಳಿಗ್ಗೆಯೇ ಗುಬ್ಬಿ ಠಾಣೆಗೆ ಹೊರಟಿದ್ದೆ.

ಜೀಪಿನ ಕೆಳಗಿದ್ದವರು ಅದೇ ವೀರಭದ್ರಯ್ಯ. ಮತದಾರರಿಗೆ ಹಂಚಲು ಹೊರಟ ಸಾರಾಯಿ ವ್ಯಾನನ್ನು ಒಬ್ಬರೇ ಅಡ್ಡಗಟ್ಟಿದ್ದರು. ಅವರ ರಿವಾಲ್ವರ್ ರಸ್ತೆಯ ಮೇಲೆ ಬಿದ್ದಿತ್ತು, ಕೈಗೆಟುಕದಷ್ಟು ದೂರ.

ಮುದ್ದಯ್ಯ ಜೇಬಿನಿಂದ ಎರಡು ತೋಟಾ ತೆಗೆದರು.

"ತುಂಬಿ ಸಾಬ್ರೆ."

"ನಾನು ಮುಟ್ಟಂಗಿಲ್ಲ ಯಜಮಾನ್ರೆ. ನಂದು ಬರೀ ರಿಪೇರಿ ಲೈಸೆನ್ಸು. ಅಂಗಡಿ ಹೊರಗೆ ಗುಂಡು ಹಾರಿಸಿದ್ರೆ ಅದೂ ಹೋಯ್ತದೆ."

"ನಂದೈತಲ್ಲ ಲೈಸೆನ್ಸು. ನಾನೇ ಹೊಡಿತೀನಿ ಬುಡಿ."

"ಜೀಪ್ ಎಲ್ಲೈತೆ, ತೋರ್ಸಿ?"

ಅವರು ತೋರಿಸಿದ್ದು ಹುಣಸೆಮರವನ್ನು.

ಎರಡೂ ಕಣ್ಣಿಗೆ ಪೊರೆ. ಲೈಸೆನ್ಸ್ ಇದ್ದವರಿಗೆ ಕಣ್ಣಿಲ್ಲ, ಕಣ್ಣಿದ್ದವನಿಗೆ ಲೈಸೆನ್ಸಿಲ್ಲ.

ಮಚ್ಚು ಮೇಲೆದ್ದಿತು. ಜೀಪಿನ ಕೆಳಗಿನಿಂದ ಒಂದು ಕೂಗು.

ಮನೆಯಾಕೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಊಟಕ್ಕೆ ಕಾಯುವವರಿಲ್ಲದ ಮನುಷ್ಯನಿಗೆ ಭಯ ಸ್ವಲ್ಪ ಕಡಿಮೆ.

"ಹಿಡೀರಿ," ಅಂದೆ. "ನಳಿಗೆ ನನ್ನದು, ಟ್ರಿಗರ್ ನಿಮ್ಮದು."

ಅವರು ತಡವಿ ತೋಟಾ ತುಂಬಿ, ಕೋವಿಯ ಹಿಡಿಯನ್ನು ಭುಜಕ್ಕೊತ್ತಿದರು. ನಾನು ನಳಿಗೆ ಹಿಡಿದು ವ್ಯಾನಿನ ಹಿಂದಿನ ಟೈರಿಗೆ ತಿರುಗಿಸಿದೆ. ಬಿಸ್ಮಿಲ್ಲಾ ಎಂದೆ. ಅವರು ರಂಗನಾಥಾ ಎಂದರು.

ಢಂ!

ಟೈರ್ ಕೂತಿತು. ಮಚ್ಚಿನವನು ಮಚ್ಚು ಬಿಸಾಡಿದ. ಕಾಲು ಹಿಡಿದವನು ಕಾಲು ಬಿಟ್ಟ. ಎರಡನೇ ಗುಂಡನ್ನು ಆಕಾಶಕ್ಕೆ ಬಿಟ್ಟೆವು, ಮರ್ಯಾದೆಗೆ. ಇಬ್ಬರೂ ಹಾರಿ ವ್ಯಾನ್ ಹತ್ತಿದರು. ವ್ಯಾನು ಕುಂಟುತ್ತಾ ಓಡಿತು.

ವೀರಭದ್ರಯ್ಯ ತೆವಳಿ ಹೊರಬಂದರು. ತೋಳಿನಲ್ಲಿ ರಕ್ತ. ರಿವಾಲ್ವರ್ ಎತ್ತಿಕೊಂಡು ಜೀಪಿನ ಕಡೆ ನೋಡಿದರು... ಎರಡು ಚಕ್ರ ಚರಂಡಿಯಲ್ಲಿ.

"ಸಾಬ್ರೆ, ಸ್ಕೂಟರ್ ತೆಗೀರಿ."

"ಮೂರು ಜನ ಕೂರಂಗಿಲ್ಲ ಸಾರ್."

"ತೆಗೀರಿ ಅಂದ್ರೆ!"

ನಾನು ಮುಂದೆ, ಸಾಹೇಬರು ನಡುವೆ, ಹಿಂದೆ ಮುದ್ದಯ್ಯ ಖಾಲಿ ಕೋವಿಯೊಂದಿಗೆ. ಒಂದು ಮೈಲಿ ಹೋಗುವಷ್ಟರಲ್ಲಿ ವ್ಯಾನು ರಾಗಿ ಹೊಲದಲ್ಲಿ ಮೂಗೂರಿ ನಿಂತಿತ್ತು. ಮೂವರೂ ಕೈ ಎತ್ತಿ ಇಳಿದರು.

"ಆ ತಾತನ ಕೋವಿ ಬೇರೆ ಕಡೆಗ್ ತಿರುಗ್ಸಿ ಸಾರ್," ಅಂದ ಒಬ್ಬ. "ನಮ್ ಕಡೆಗೇ ಐತೆ."

ಅವರನ್ನು ಅವರ ವ್ಯಾನಿನ ಹಗ್ಗದಿಂದಲೇ ಕಟ್ಟಿ ಕೂರಿಸಿದ ಮೇಲೆ ಸಾಹೇಬರು ನಮ್ಮ ಕಡೆ ತಿರುಗಿದರು.

"ಗುಂಡು ಹೊಡೆದದ್ದು ಯಾರು?"

"ನಾನೇ ಸ್ವಾಮಿ," ಅಂದರು ಮುದ್ದಯ್ಯ, ವ್ಯಾನನ್ನೇ ಸಾಹೇಬರೆಂದುಕೊಂಡು ಅದಕ್ಕೆ ಕೈಮುಗಿದು.

"ನಾನಿಲ್ಲಿದೀನಿ ಯಜಮಾನ್ರೆ." ಸಾಹೇಬರು ನನ್ನನ್ನು ನೋಡಿದರು. ದನಿ ತಗ್ಗಿಸಿದರು. "ನೀವು ಮುಟ್ಟೇ ಇಲ್ಲ ಅಂತ ಬರ್ಕೊಳ್ಳಾ?"

ಒಂದು 'ಹೂಂ' ಸಾಕಿತ್ತು. ಅಂಗಡಿ ಉಳಿಯುತ್ತಿತ್ತು.

"ಮಧ್ಯಾಹ್ನ ನಮಾಜಿಗೆ ನಿಲ್ಲಬೇಕು ಸಾರ್. ಸುಳ್ಳು ಬೇಡ. ನಳಿಗೆ ಹಿಡಿದಿದ್ದೆ."

ಅವರು ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ಕೇಸ್ ಹಾಕ್ತೀನಿ. ಇವತ್ತು ನನ್ನ ಉಳಿಸಿದ್ರಿ ಅಂತ ಬಿಟ್ರೆ, ನಾಳೆ ಕೋವಿ ಇಟ್ಕೊಂಡ ಪ್ರತಿಯೊಬ್ಬನೂ ನಾನೂ ಪೊಲೀಸು ಅಂತಾನೆ."

"ನಾವು ಸುಮ್ನೆ ಹೋಗಿದ್ರೆ?" ಮುದ್ದಯ್ಯ ಕೇಳಿದರು.

"ಕೇಸ್ ಇರ್ತಿರಲಿಲ್ಲ. ನಾನೂ ಇರ್ತಿರಲಿಲ್ಲ."

ಮರುದಿನ ನ್ಯಾಯಾಲಯ. ಇಬ್ಬರು ಆರೋಪಿಗಳ ವಯಸ್ಸು ಸೇರಿ ನೂರಮೂವತ್ತು. ಜಾಮೀನು ಯಾರು ಎಂದರು ನ್ಯಾಯಾಧೀಶರು. ಹಿಂದಿನ ಬೆಂಚಿನಿಂದ ಒಬ್ಬ ಅಜ್ಜಿ ಎದ್ದಳು, ಕೈಯಲ್ಲಿ ಪಹಣಿ.

"ಹೆಸರು?"

"ಚಿಕ್ಕಗಂಗಮ್ಮ. ಕುಣಿಗಲ್ ಕಡೆಯೋಳು."

"ಇವರು ನಿಮಗೇನಾಗಬೇಕು?"

"ಏನೂ ಆಗ್ಬೇಕಿಲ್ಲ ಬುದ್ಧಿ. ನನ್ ಮಗನ್ನ ಕಡಿಯಾಕ್ ಬಂದೋರ್ನ ಓಡ್ಸುದ್ರು. ಅದ್ಕೆ ನನ್ ಮಗ ಇವರ್ನೇ ತಂದು ನಿಲ್ಸವ್ನೆ. ಅಗೋ, ಬಾಗ್ಲಲ್ಲಿ ನಿಂತವ್ನೆ ನೋಡಿ, ಕೈಗ್ ಬಟ್ಟೆ ಸುತ್ಕೊಂಡು."

ನ್ಯಾಯಾಧೀಶರು ಕಡತದಲ್ಲಿ ಮುಖ ಮುಚ್ಚಿಕೊಂಡರು. ಭುಜ ಮಾತ್ರ ಕುಲುಕುತ್ತಿತ್ತು.

ಹೊರಗೆ ವೀರಭದ್ರಯ್ಯ ನನ್ನ ಹತ್ತಿರ ಬಂದರು.

"ನಿಜ ಹೇಳಿ ಸಾಬ್ರೆ. ಇನ್ನೊಂದ್ ಸಲ ನಾನು ಹಂಗೆ ಸಿಕ್ಕಿಹಾಕ್ಕೊಂಡ್ರೆ?"

"ಹೊಡೀತೀನಿ."

"ಇನ್ನೊಂದ್ ಕೇಸ್ ಹಾಕ್ತೀನಿ."

"ಧಾರಾಳವಾಗಿ ಹಾಕಿ ಸಾರ್," ಅಂದೆ. "ಜಾಮೀನಿಗೆ ನಿಮ್ಮ ತಾಯಿ ಇದ್ದಾರೆ."